ನಗೋದಕ್ಕೂ ಸರದಿ

ನಮ್ಮ ಕಪ್ಪು ಜನರ ಸಿನಿಮಾ, ಹಾಡು, ಚಿತ್ರ, ಜೊತೆಗೆ ನೊಂದ ಮನಸ್ಸಿಗೆ ಒಂದಿಷ್ಟು ಸಾಂತ್ವನ ಎಂದು ಡೆಟ್ರಾಯಿಟ್‌ನಲ್ಲಿ ನಾವು ಪ್ರತಿ ಜೂನ್‌ನಲ್ಲಿ ನಡೆಸುತ್ತಿದ್ದ ಉತ್ಸವ ಆ ವರ್ಷ ಕೋವಿಡ್ ದೆಸೆಯಿಂದ ಕಂಪ್ಯೂಟರಿನೊಳಗೆ ಸೇರಿಕೊಂಡಿತ್ತು. ಭಾನುವಾರ ಮಧ್ಯಾಹ್ನ ಮೂರಕ್ಕೆ ನನ್ನ ಸಿನಿಮಾ. ಅಪ್ಪನ ಕ್ಷೌರದಂಗಡಿಯ ಬಗ್ಗೆ ತೆಗೆದ ಒಂಬತ್ತು ನಿಮಿಷದ್ದು. ಅಪ್ಪ ಏಪ್ರಿಲ್‌ನಲ್ಲಿ ತೀರಿಕೊಂಡಿದ್ದ.

ಅಮ್ಮ ಚರ್ಚಿಗೆ ಹೊರಟವಳಂತೆ ನೇರಳೆ ಹ್ಯಾಟು ಹಾಕಿಕೊಂಡು ಅಡುಗೆಮನೆಯ ಮೇಜಿಗೆ ಬಂದು ಕೂತಳು.

"ಅಮ್ಮ, ಆ ಹ್ಯಾಟು ಅರ್ಧಾನೂ ಈ ತೆರೇಲಿ ಹಿಡಿಸ್ತಿಲ್ಲ. ಯಾರು ನೋಡ್ತಾರೆ?"

"ನಿಮ್ಮಪ್ಪ ನೋಡ್ತಾನೆ. ಸುಮ್ನೆ ಕೂತ್ಕೊಳ್ಳೇ, ಶರೀಸ್."

ಅಪ್ಪನನ್ನು ಮಣ್ಣು ಮಾಡುವಾಗ ಇದ್ದದ್ದು ಹತ್ತೇ ಜನ, ಎಲ್ಲರ ಬಾಯಿಗೂ ಮಾಸ್ಕು. ನಮ್ಮಲ್ಲಿ ಸಾವಿನ ಪ್ರಾರ್ಥನೆಯಲ್ಲೂ ಮಾತಿಗೆ ಮಾತು ಕೂಡಬೇಕು. ಪಾದ್ರಿ ಒಂದು ಹೇಳಿದರೆ ಜನ "ಹೌದಪ್ಪಾ, ಹೇಳಪ್ಪಾ" ಎಂದು ಕೂಗಬೇಕು. ಅವತ್ತು ಯಾರೂ ತುಟಿ ಬಿಚ್ಚಲಿಲ್ಲ. "ರಾಸ್ಕೋನ ಮೂಗರ ಥರ ಕಳಿಸ್ಬಿಟ್ವಿ" ಎಂದು ಅಮ್ಮ ಅಪ್ಪನ ಹೆಸರು ಹಿಡಿದು ದಿನಕ್ಕೊಮ್ಮೆಯಾದರೂ ಅನ್ನುತ್ತಿದ್ದಳು. ಇವತ್ತು ಊರೂರಿನಿಂದ ಮುನ್ನೂರು ಜನ ಸೇರುತ್ತಾರೆಂದು ತಿಳಿದ ಮೇಲೆ ಅವಳ ಮುಖದಲ್ಲಿ ಒಂದಿಷ್ಟು ಕಳೆ ಕಂಡಿತ್ತು.

ಉತ್ಸವದ ಯಜಮಾನಿಕೆ ಡೆಲ್ಫಿನಕ್ಕನದು. ಬೆಳಿಗ್ಗೆಯೇ ಫೋನ್ ಮಾಡಿ ಕಟ್ಟುನಿಟ್ಟಾಗಿ ಹೇಳಿದ್ದಳು: "ಎಲ್ಲರ ಮೈಕೂ ಬಂದ್. ನಿನ್ನೆ ಯಾರೋ ಮೀನು ಕರಿಯೋ ಸದ್ದಲ್ಲಿ ಕವಿತೇನೇ ಕೇಳಿಸ್ಲಿಲ್ಲ. ನಿನ್ನ ಸಿನಿಮಾ ಹೊತ್ತಲ್ಲಿ ಮೈಕಿನ ಗುಂಡಿ ನಿನ್ನ ಕೈಲಿರುತ್ತೆ, ತೆರೆದೀಯ ಜೋಕೆ!"

ಸಿನಿಮಾ ಶುರುವಾಯಿತು. ಬೆಳಗಿನ ಖಾಲಿ ಅಂಗಡಿಯಲ್ಲಿ ಅಪ್ಪ ಕನ್ನಡಿ ಒರೆಸುತ್ತ ಮೊದಲ ಜೋಕು ಹೇಳಿ, ಕೈಯನ್ನು ಗಾಳಿಯಲ್ಲೇ ನಿಲ್ಲಿಸಿದ. ಅದು ಅವನ ರೂಢಿ. ನಗು ಬರುವ ತನಕ ಯಾರ ತಲೆಗೂ ಕತ್ತರಿ ಮುಟ್ಟುತ್ತಿರಲಿಲ್ಲ. ಹಿಂದಿನ ಅಕ್ಟೋಬರಿನಲ್ಲಿ ಶೂಟಿಂಗ್ ನಡೆದ ದಿನ ಅಲ್ಲಿ ಇದ್ದವಳು ನಾನೊಬ್ಬಳೇ. ಧ್ವನಿ ಕೆಡುತ್ತದೆಂದು ಕೆನ್ನೆ ಕಚ್ಚಿಕೊಂಡು ನಗು ನುಂಗಿದ್ದೆ. ಮಹಾ ಕಲಾವಿದೆ ನಾನು! ಈಗ ಅಪ್ಪ ಕೈಯೆತ್ತಿ ಕಾಯುತ್ತಿದ್ದ, ಎಲ್ಲೂ ಸದ್ದಿಲ್ಲ.

"ಯಾಕೇ ಯಾರೂ ನಗ್ತಿಲ್ಲ?"

"ಮೈಕ್ ಬಂದಾಗಿದೆ ಅಮ್ಮ. ಅವರವರ ಮನೇಲಿ ನಗ್ತಿರ್ತಾರೆ."

"ಅವನಿಗೆ ಕೇಳಿಸ್ಬೇಕಲ್ಲೇ! ಇನ್ನೊಂದ್ಸಲ ಮೂಗರ ಥರಾನೇ ಕಳಿಸ್ತಿದೀರ." ಅಮ್ಮ ಹ್ಯಾಟು ತೆಗೆದು ಮೇಜಿನ ಮೇಲಿಟ್ಟಳು.

ನನಗೆ ತಡೆಯಲಾಗಲಿಲ್ಲ. ಕೊನೆಯಲ್ಲಿ ಇನ್ನೊಂದು ಜೋಕು ಇತ್ತು. ಡೆಲ್ಫಿನಕ್ಕ ಬೈದರೆ ಬೈಯಲಿ ಎಂದು ಎಲ್ಲರ ಮೈಕೂ ತೆರೆದುಬಿಟ್ಟೆ.

ತೆರೆಯಲ್ಲಿ ಅಪ್ಪ ಹೇಳಿದ: "ನಮ್ಮ ಬೋಳುತಲೆ ಪಾದ್ರಿ ಬಂದು, ಮೋಶೆ ಸಮುದ್ರ ಸೀಳಿದ ಹಾಗೆ ಬೈತಲೆ ತೆಗಿ ಅಂದ. ಸೀಳ್ತೀನಿ ಸ್ವಾಮಿ, ಮೊದ್ಲು ಸಮುದ್ರ ತಗೊಂಬನ್ನಿ ಅಂದೆ!"

ಕೈ ಗಾಳಿಯಲ್ಲಿ ನಿಂತಿತು. ಎಲ್ಲೋ ನಾಯಿ ಬೊಗಳಿತು, ಮೀನು ಚುರುಗುಟ್ಟಿತು. ನಗು ಮಾತ್ರ ಇಲ್ಲ. ಅಮ್ಮ ನನ್ನ ಕೈ ಹಿಡಿದುಕೊಂಡಳು.

ಹಾಳು ನೆಟ್‌ವರ್ಕ್, ಎಲ್ಲವನ್ನೂ ತಡವಾಗಿ ತಲುಪಿಸುತ್ತದೆ. ಮೊದಲು ಬಂದದ್ದು ಮೊಬೀಲ್ ಊರಿನಿಂದ ಓಝೆಲ್ಲಾ ಅತ್ತೆಯ ಕೆಮ್ಮುನಗು. ಅದರ ಹಿಂದೆ ಅಟ್ಲಾಂಟಾದಿಂದ ಅಪ್ಪನ ಹಳೇ ಗಿರಾಕಿ ಕ್ಲಿಯೋಫಸ್‌ನದು. ಆಮೇಲೆ ಇನ್ನೊಂದು, ಮತ್ತೊಂದು.

ಅಷ್ಟರಲ್ಲಿ ಅಪ್ಪ ಖಾಲಿ ಕುರ್ಚಿಗಳ ಸಾಲಿನತ್ತ ತಿರುಗಿ ರೇಗಿದ: "ಏನ್ರಪ್ಪಾ, ನಗೋದಕ್ಕೂ ಸರದೀಲಿ ಕೂತಿದೀರಾ?"

ಮುನ್ನೂರು ಮನೆಗಳು ಒಟ್ಟಿಗೆ ಹೋ ಎಂದವು. ಬೈಯುತ್ತಾಳೆಂದುಕೊಂಡಿದ್ದ ಡೆಲ್ಫಿನಕ್ಕನೇ ಎಲ್ಲರಿಗಿಂತ ಜೋರಾಗಿ ಕೂಗಿದಳು: "ಹೇಳಪ್ಪಾ ರಾಸ್ಕೋ, ಹೇಳು!"

ಅಮ್ಮ ನಗುತ್ತ, ಕಣ್ಣು ಒರೆಸಿಕೊಳ್ಳುತ್ತ ಹ್ಯಾಟು ಮತ್ತೆ ತಲೆಗೇರಿಸಿದಳು. ಆಮೇಲೆ ಮೊಣಕೈಯಿಂದ ನನ್ನನ್ನು ತಿವಿದಳು.

"ನಿನ್ನ ಸರದಿ ಬಂತು ಕಣೇ."

ನಾನು ನಕ್ಕೆ, ಎಂಟು ತಿಂಗಳು ತಡವಾಗಿ, ಅಪ್ಪನಿಗೆ ಕೇಳಿಸುವಷ್ಟು ಜೋರಾಗಿ.