ಜಗದಾಂಬಾ ಆರಿಸಿದ ಬ್ಯಾಟರಿ

"ಎಸಿ ಆಫ್ ಮಾಡ್ದೆ," ಎಂದರು ಪರಮೇಶ್ವರಪ್ಪ. "ಇನ್ಮೇಲೆ ಹಾಡೂ ಇಲ್ಲ."

ತರೀಕೆರೆ ದಾಟಿದ ಎಲೆಕ್ಟ್ರಿಕ್ ಕಾರು ಭದ್ರಾವತಿಯ ಕಡೆಗೆ ಮೆರವಣಿಗೆಯ ವೇಗದಲ್ಲಿ ಹೋಗುತ್ತಿತ್ತು. ಬಸ್ಸು, ಲಾರಿ, ಕೊನೆಗೆ ಹುಲ್ಲು ಹೇರಿದ ಟ್ರ್ಯಾಕ್ಟರ್ ಕೂಡ ಹಾರ್ನ್ ಹೊಡೆದು ಮುಂದೆ ಹೋಯಿತು. ಕಿಟಕಿ ತೆರೆದರೆ ಗಾಳಿ ಎಳೆದು ಬ್ಯಾಟರಿ ತಿನ್ನುತ್ತದೆ ಎಂದು ಅವರು ಗಾಜನ್ನೂ ಏರಿಸಿಬಿಟ್ಟಿದ್ದರು. ಪಕ್ಕದಲ್ಲಿ ಹೆಂಡತಿ ಜಗದಾಂಬಾ ಸೆರಗಿನಿಂದ ಗಾಳಿ ಹಾಕಿಕೊಳ್ಳುತ್ತಾ, ಸ್ಕ್ರೀನಿನ ಮೇಲೆ ಅಂಕಿ ಇಳಿಯುವುದನ್ನು ನೋಡುತ್ತಿದ್ದರು. ಮೈಯೆಲ್ಲ ಬೆವರು, ಮನಸ್ಸೆಲ್ಲ ಖುಷಿ.

ಚಿಕ್ಕ ಬ್ಯಾಟರಿಯ ಕಾರು ಆರಿಸಿದ್ದು ಅವರೇ. "ದೊಡ್ಡದು ತಗೊಳ್ಳಿ ಸಾರ್," ಎಂದು ಶೋರೂಮಿನ ಹಾಲೇಶ್ ಗೋಗರೆದಿದ್ದ. "ಬೆಂಗ್ಳೂರಲ್ಲಿ ಹತ್ತಿದ್ರೆ ಸೀದಾ ಶಿವಮೊಗ್ಗದಲ್ಲಿ, ರವೀಂದ್ರನಗರದ ನಿಮ್ಮನೆ ಗೇಟಲ್ಲಿ ಇಳೀಬಹುದು."

"ಚಿಕ್ಕದಾದ್ರೆ?" ಎಂದು ಕೇಳಿದ್ದರು ಜಗದಾಂಬಾ.

"ಚಿಕ್ಕದಾದ್ರೆ ಮೇಡಂ, ಭದ್ರಾವತಿ ಹತ್ರ ಬರೋ ಹೊತ್ತಿಗೆ ಸುಸ್ತಾಗುತ್ತೆ."

ತೀರ್ಮಾನ ಅಲ್ಲೇ ಆಗಿಹೋಯಿತು. "ಇರೋ ಇಬ್ಬರಿಗೆ ದೊಡ್ಡದ್ಯಾಕೆ, ನಾವೇನು ಕಾಶಿಗೆ ಹೋಗ್ತೀವಾ?" ಎಂದು ಹಟ ಹಿಡಿದರು. ಹೆಂಡತಿಗೆ ಕೊನೆಗೂ ಉಳಿತಾಯದ ಬುದ್ಧಿ ಬಂತೆಂದು ಪರಮೇಶ್ವರಪ್ಪ ಹಿಗ್ಗಿಹೋದರು. ಪಾಪ.

ಭದ್ರಾವತಿಯ ಓಲ್ಡ್ ಟೌನ್ ಜಗದಾಂಬಾ ಅವರ ತವರು. ತಮ್ಮ ವಿಜಯಕುಮಾರ್ ಲಾಕ್‌ಡೌನಿನಲ್ಲಿ ಮಗಳು ಅಮೂಲ್ಯಳ ಮದುವೆ ಮಾಡಿದಾಗ ಅಕ್ಕಭಾವನನ್ನು ಕರೆದದ್ದು ವಾಟ್ಸಪ್ಪಿನಲ್ಲಿ. ಕುಂಕುಮ ಹಿಡಿದು ಮನೆಗೆ ಬಂದು ಕರೆಯಲಿಲ್ಲ. ಪೊಲೀಸರು ಬಿಡಲಿಲ್ಲ ಎಂದು ಅವನು ಎಷ್ಟು ಹೇಳಿದರೂ ಭಾವ ಒಪ್ಪಲಿಲ್ಲ. "ಹಾಲಿನವನು ದಿನಾ ಬರ್ತಿದ್ದ, ಇವನಿಗೇನಾಗಿತ್ತು? ವಾಟ್ಸಪ್ಪಲ್ಲಿ ಕರೆದವರ ಮನೇಲಿ ವಾಟ್ಸಪ್ಪಲ್ಲೇ ಉಣ್ತೀನಿ," ಎಂದವರು ನಾಲ್ಕು ವರ್ಷದಿಂದ ಆ ಹೊಸ್ತಿಲು ತುಳಿದಿರಲಿಲ್ಲ. ಜಗದಾಂಬಾ ಒಮ್ಮೆ ಒಬ್ಬರೇ ಹೋಗಿದ್ದರು. "ಭಾವ ಎಲ್ಲಿ?" ಎಂದು ಬಾಗಿಲಲ್ಲೇ ತಮ್ಮ ಕೇಳಿದ. ಅವತ್ತು ಅಲ್ಲಿ ತಿಂದ ರೊಟ್ಟಿ ಗಂಟಲಲ್ಲಿ ಇಳಿಯಲಿಲ್ಲ. ಮತ್ತೆ ಹೋಗಲಿಲ್ಲ.

ಈಗ ನೆಂಟರ ಗೃಹಪ್ರವೇಶ ಮುಗಿಸಿ ಬೆಂಗಳೂರಿನಿಂದ ವಾಪಸು ಬರುವಾಗ, ದಾರಿಯ ಹೋಟೆಲೊಂದರ ಚಾರ್ಜರ್ ಕೆಟ್ಟು ಕೂತಿತ್ತು. ಜಗದಾಂಬಾ ಮನಸ್ಸಿನಲ್ಲೇ ಅದಕ್ಕೆ ಕೈಮುಗಿದಿದ್ದರು.

"ಶಿವಮೊಗ್ಗ ಇನ್ನೂ ಹದಿನೆಂಟು ಕಿಲೋಮೀಟರ್," ಎಂದರು ಪರಮೇಶ್ವರಪ್ಪ, ಭದ್ರಾವತಿಯೊಳಗೆ ಬಂದ ಮೇಲೆ. "ಇದು ಒಂಬತ್ತು ಹೋಗ್ತೀನಿ ಅಂತಿದೆ."

"ಹಗ್ಗ ಕಟ್ಟಿಸಿ ಎಳೆಸ್ಕೊಂಡು ಹೋಗೋಣ ಬಿಡಿ. ರವೀಂದ್ರನಗರದವರೆಲ್ಲ ಗೇಟಿಗೆ ಬಂದು ನೋಡ್ಲಿ."

ಪರಮೇಶ್ವರಪ್ಪ ಕಾರನ್ನು ಓಲ್ಡ್ ಟೌನಿನ ಕಡೆ ತಿರುಗಿಸಿದರು.

ಕಾರು ಮನೆಯ ಮುಂದೆ ನಿಂತಾಗ ವಿಜಯಕುಮಾರ್ ಲುಂಗಿಯಲ್ಲೇ ಓಡಿಬಂದ. "ಬನ್ನಿ ಭಾವ, ಒಳಗೆ ಬನ್ನಿ!"

"ನಾನು ಬಂದಿರೋದು ಕರೆಂಟಿಗೆ. ಮನೆಗಲ್ಲ," ಎಂದರು ಭಾವ, ಕಿಟಕಿಯ ಗಾಜು ಇಳಿಸಿ, ಸೀಟಿನಿಂದ ಏಳದೆ.

ಜಗಲಿಯ ಪ್ಲಗ್ಗಿನಿಂದ ಕಾರಿಗೆ ವೈರು ಎಳೆದದ್ದಾಯಿತು. ಬೀದಿಯವರು ಸುತ್ತ ಸೇರಿದರು. "ಎಷ್ಟ್ ಕೊಡುತ್ತೆ ಸಾರ್?" ಎಂದು ಒಬ್ಬ ಕೇಳಿದ. "ಕಂಪನಿಯವರು ಹೇಳೋದೇ ಒಂದು, ಹೆಂಡತಿ ಎಸಿ ಹಾಕಿದ್ರೆ ಕೊಡೋದೇ ಒಂದು," ಎಂದರು ಪರಮೇಶ್ವರಪ್ಪ. ವಿಜಯಕುಮಾರನ ಹೆಂಡತಿ ತನುಜಾ ತಂದ ನೀರನ್ನೂ ಮುಟ್ಟಲಿಲ್ಲ. ಗಾಜಿನೊಳಗಿಂದ ಬೀಳುತ್ತಿದ್ದ ಮಟಮಟ ಮಧ್ಯಾಹ್ನದ ಬಿಸಿಲಿಗೆ ಅವರ ಬೊಕ್ಕತಲೆ ಕೆಂಪಗಾಗುತ್ತಿತ್ತು.

ಒಳಗೆ ನಿಂತ ಜಗದಾಂಬಾ ಅವರಿಗೆ ಅಳು ಬಂತು. ಇನ್ನೊಂದೆರಡು ಗಂಟೆ ಹೋದರೆ ಶಿವಮೊಗ್ಗ ಮುಟ್ಟುವಷ್ಟು ಚಾರ್ಜು ಏರುತ್ತದೆ. ಈ ಮನುಷ್ಯ ಹಾಗೇ ಹೊರಟುಬಿಡುತ್ತಾನೆ. ಬಾಗಿಲ ತನಕ ಬಂದು ಹೀಗೆ ಹೋದರೆ ಮತ್ತೆಂದೂ ಈ ಕಡೆ ತಲೆ ಹಾಕುವುದಿಲ್ಲ. ತವರು ಶಾಶ್ವತವಾಗಿ ತಪ್ಪಿಹೋಗುತ್ತದೆ.

"ಒಂದು ಕುಂಕುಮದ ಬಟ್ಲು ಎತ್ಕೊಂಡ್ ಹೋಗೋಕೆ ನಿನ್ ಕೈ ಬಿದ್ದೋಗುತ್ತೇನೋ?" ಎಂದು ತಮ್ಮನ ಮೇಲೆ ಹರಿಹಾಯ್ದರು.

"ಯಾವ ಕಾರ್ಯಕ್ಕೆ ಅಂತ ಕರೀಲಿ ಅಕ್ಕ? ಈಗ ಮನೇಲಿ ಏನೂ ಇಲ್ವಲ್ಲ."

"ಅದೇ ಮದುವೆಗೆ ಕರಿ."

ಸ್ವಲ್ಪ ಹೊತ್ತಿನಲ್ಲಿ ಮೂವರು ಹೊರಗೆ ಬಂದರು. ಅಂಗಿ ತೊಟ್ಟ ವಿಜಯಕುಮಾರ್, ತಟ್ಟೆಯಲ್ಲಿ ಕುಂಕುಮ, ಎಲೆ ಅಡಿಕೆ ಹಿಡಿದ ತನುಜಾ, ಅವರ ಹಿಂದೆ ಸೊಂಟದ ಮೇಲೆ ಮಗು ಕೂರಿಸಿಕೊಂಡ ಅಮೂಲ್ಯ. ಬೀದಿಯವರು ದಾರಿ ಬಿಟ್ಟರು.

"ಭಾವ," ಎಂದ ವಿಜಯಕುಮಾರ್, ಕಾರಿನ ಕಿಟಕಿಗೆ ಬಗ್ಗಿ. "ನಮ್ಮ ಅಮೂಲ್ಯಳ ಮದುವೆ. ತಾವು ಮುಂಚಿತವಾಗಿ ಬಂದು ನಿಂತು..." ತನುಜಾ ತಟ್ಟೆಯನ್ನು ಮುಂದೆ ಚಾಚಿದಳು.

ಪರಮೇಶ್ವರಪ್ಪ ತಟ್ಟೆ ನೋಡಿದರು. ಅಮೂಲ್ಯಳನ್ನು ನೋಡಿದರು. ಮಗು ಅವರ ಬೊಕ್ಕತಲೆಯನ್ನೇ ನೋಡುತ್ತಿತ್ತು.

"ಹುಡುಗ ಏನ್ ಮಾಡ್ಕೊಂಡಿದ್ದಾನೆ?"

"ಸೊಸೈಟಿ ಬ್ಯಾಂಕಲ್ಲಿ ಇದ್ದಾನೆ ಭಾವ. ಒಳ್ಳೆ ಜನ."

"ಮುಹೂರ್ತ?"

"ಮುಗಿದೋಯ್ತು ಭಾವ."

ಪರಮೇಶ್ವರಪ್ಪ ಕಾರಿನ ಬಾಗಿಲು ತೆಗೆದರು. "ಹೋಗ್ಲಿ ಬಿಡು. ಊಟಕ್ಕಾದ್ರೂ ಸರಿಯಾಗಿ ಬಂದಿದೀನಲ್ಲ."

ಅವತ್ತು ಆ ಮನೆಯಲ್ಲಿ ಉಂಡದ್ದಕ್ಕೆ ಲೆಕ್ಕವಿರಲಿಲ್ಲ. ಎಣ್ಣೆಗಾಯಿ ಎರಡನೇ ಸಲ ಮಾಡಬೇಕಾಯಿತು. ಭಾವಮೈದುನರು ಮೊದಲು ಪೊಲೀಸರನ್ನು ಬೈದರು, ಆಮೇಲೆ ವಾಟ್ಸಪ್ಪನ್ನು ಬೈದರು, ಕೊನೆಗೆ ಬೈಯಲು ಯಾರೂ ಸಿಗದೆ ನಗುತ್ತಾ ಕೂತರು. ನಡುವೆ ಪರಮೇಶ್ವರಪ್ಪ ಎದ್ದು, ಕಾರು ನೋಡಿ ಬರ್ತೀನಿ ಎಂದು ಹೊರಗೆ ಹೋಗಿ ಬಂದರು.

ಸಂಜೆಯಾಗುತ್ತಿತ್ತು. ಈಗ ಹೊರಡೋಣ ಎಂದುಬಿಟ್ಟರೆ ಎಂದು ಜಗದಾಂಬಾ ಅವರಿಗೆ ದಿಗಿಲು. ಒಂದು ರಾತ್ರಿ, ಒಂದೇ ಒಂದು ರಾತ್ರಿ ತವರಲ್ಲಿ ಮಲಗಬೇಕೆಂದು ಎಷ್ಟು ಆಸೆ. ಕೈ ತೊಳೆಯುವ ನೆಪ ಮಾಡಿಕೊಂಡು ಎದ್ದು, ಸದ್ದಿಲ್ಲದೆ ಜಗಲಿಗೆ ಬಂದು ಪ್ಲಗ್ಗಿನ ಸ್ವಿಚ್ಚಿಗೆ ಕೈ ಹಾಕಿದರು.

ಸ್ವಿಚ್ಚು ಆಗಲೇ ಆಫಾಗಿತ್ತು.

"ಚಾರ್ಜೇ ಏರಿಲ್ಲ ಮಾರಾಯ," ಎಂದು ಒಳಗೆ ಪರಮೇಶ್ವರಪ್ಪ ದೊಡ್ಡ ದನಿಯಲ್ಲಿ ಹೇಳುತ್ತಿದ್ದರು. "ನಿಮ್ಮ ಓಲ್ಡ್ ಟೌನಿನ ಕರೆಂಟೇ ಸೋಮಾರಿ. ಬೆಳಿಗ್ಗೆ ತನಕ ಬೇಕಾಗುತ್ತೇನೋ."

ಜಗದಾಂಬಾ ಮೆಲ್ಲಗೆ ಕೈ ಹಿಂದಕ್ಕೆ ತೆಗೆದುಕೊಂಡರು.