ಕಾವಲಿಗೆ ನಿಂತ ಬೆನ್ನು

ಬೆಳ್ಳಿಯ ಬಟ್ಟಲು ರೂಪರ್ಟನ ಕೈಗೆ ಬಂದದ್ದನ್ನು ಕಂಡು ಸೆಡ್ರಿಕ್ ತನ್ನ ನಡುಗುವ ಕೈಗಳನ್ನು ಮೇಜಿನ ಕೆಳಗೆ ಅಡಗಿಸಿಕೊಂಡ. ಮುಂದಿನ ಸರದಿ ಅವನದೇ.

ಬೆಳಿಗ್ಗೆ ಆಂಬ್ರೋಸನನ್ನು ಮಣ್ಣು ಮಾಡಿ ಬಂದ ಹಳೆಯ ವಿದ್ಯಾರ್ಥಿಗಳೆಲ್ಲ ಕಾಲೇಜಿನ ಊಟದ ಹಜಾರದಲ್ಲಿ ಸೇರಿದ್ದರು. ಆಕ್ಸ್‌ಫರ್ಡಿನ ಆ ಕಾಲೇಜಿನಲ್ಲಿ ಸಂತೋಷಕ್ಕೂ ಸಾವಿಗೂ ಒಂದೇ ಬಟ್ಟಲು; ವೈನು ತುಂಬಿ, ಕೈಯಿಂದ ಕೈಗೆ ದಾಟಿಸುತ್ತ ಎಲ್ಲರೂ ಅದರಲ್ಲೇ ಕುಡಿಯಬೇಕು. ಅದಕ್ಕೊಂದು ಮುಚ್ಚಳ, ಎರಡು ಹಿಡಿ. ಕುಡಿಯುವವನ ಎರಡೂ ಕೈ ಕಟ್ಟಿಹಾಕಿದ ಹಾಗೆ. ಹಿಂದಿನಿಂದ ಯಾರೂ ಚೂರಿ ಹಾಕದಿರಲೆಂದು ಪಕ್ಕದವನು ಎದ್ದು, ಬೆನ್ನಿಗೆ ಬೆನ್ನು ಕೊಟ್ಟು ಕಾವಲು ನಿಲ್ಲಬೇಕು. ಚೂರಿ ಹಾಕುವ ಕಾಲ ಯಾವತ್ತೋ ಮುಗಿದರೂ ಕಾವಲು ಉಳಿದಿತ್ತು. ಜೊತೆಗೊಂದು ನಂಬಿಕೆಯೂ ಉಳಿದಿತ್ತು: ಯಾರ ಕೈಯಲ್ಲಿ ಬಟ್ಟಲು ತುಳುಕುತ್ತದೋ ಅವನು ಮುಂದಿನ ವರ್ಷದ ಊಟಕ್ಕೆ ಇರುವುದಿಲ್ಲ. ಎಲ್ಲರೂ ಇದನ್ನು ನಗುತ್ತಲೇ ಹೇಳುತ್ತಿದ್ದರು. ಹೇಳದೆ ಬಿಟ್ಟವರು ಮಾತ್ರ ಯಾರೂ ಇರಲಿಲ್ಲ.

"ಗಟ್ಟಿಯಾಗಿ ಹಿಡ್ಕೊಳೋ," ಅಂದ ರೂಪರ್ಟ್, ಬಟ್ಟಲನ್ನು ಸೆಡ್ರಿಕನ ಕಡೆ ಚಾಚುತ್ತ. "ಇನ್ನೊಂದು ಸಲ ಈ ಕರಿ ಕೋಟು ಇಸ್ತ್ರಿ ಮಾಡಿಸೋಕೆ ನನ್ನ ಕೈಲಾಗಲ್ಲ."

ಒಂದಿಬ್ಬರು ನಕ್ಕರು. ಓದುವ ದಿನಗಳಿಂದಲೂ ಸೆಡ್ರಿಕನ ಬೆನ್ನಿಗೆ ನಿಲ್ಲುತ್ತಿದ್ದವನು ಆಂಬ್ರೋಸ್. ಇವತ್ತು ಆ ಕುರ್ಚಿಯಲ್ಲಿ ಅವನ ಹೆಂಡತಿ ವಿನಿ ಕೂತಿದ್ದಳು. ಬೇರೆ ಯಾರಾದರೂ ನಿಲ್ಲಲಿ ಎಂದು ಯಾರೋ ಅನ್ನುವಷ್ಟರಲ್ಲಿ ಅವಳು ಎದ್ದು ನಿಂತಳು.

*

ಹೋದ ವರ್ಷ ಬಟ್ಟಲು ತುಳುಕಿದ್ದು ಆಂಬ್ರೋಸನ ಕೈಯಲ್ಲಿ. ಊರಿನ ಶಾಲೆಯಲ್ಲಿ ಭೂಗೋಳ ಕಲಿಸಿ, ನಿವೃತ್ತನಾಗಿ, ಹಿತ್ತಲಲ್ಲಿ ಈರುಳ್ಳಿ ಬೆಳೆದುಕೊಂಡಿದ್ದ ಮನುಷ್ಯ; ಅಂಗಿಯ ಮೇಲಿನ ಕಲೆ ತೋರಿಸಿ ತಾನೂ ನಕ್ಕಿದ್ದ. ಆಮೇಲೆ ಫೋನುಗಳು ಬರತೊಡಗಿದವು. ಎಷ್ಟೋ ವರ್ಷ ಮಾತಾಡದವರು ಮೆಲುದನಿಯಲ್ಲಿ ಆರೋಗ್ಯ ವಿಚಾರಿಸಿದರು. ಕ್ರಿಸ್‌ಮಸ್ಸಿಗೆ ಬಂದ ರೂಪರ್ಟ್ ಹೊರಡುವಾಗ ಅವನನ್ನು ತಬ್ಬಿಕೊಂಡು ತುಂಬ ಹೊತ್ತು ಬಿಡಲೇ ಇಲ್ಲ.

ಬಾಗಿಲು ಹಾಕಿದ ಮೇಲೆ ಆಂಬ್ರೋಸ್ ಅಲ್ಲೇ ನಿಂತ. "ಎಲ್ರೂ ನೋಡ್ಬಿಟ್ರು ಕಣೇ," ಅಂದ.

ವಿನಿ ಅಂಗಿಯ ಕಲೆ ತೆಗೆದಿದ್ದಳು. ಹೆದರಿಕೆ ತೆಗೆಯುವುದು ಅವಳಿಗೆ ಆಗಲಿಲ್ಲ. ಅವನು ದೀಪ ಹಾಕಿಕೊಂಡೇ ಮಲಗುತ್ತಿದ್ದ. ಚಳಿ ಕಳೆದ ಮೇಲೆ ಈರುಳ್ಳಿ ನೆಡಲಿಲ್ಲ. ಕೀಳೋದು ಯಾರು ಎಂದು ಕೇಳಿದ.

*

ಬೆನ್ನಿಗೆ ತಾಗಿದ್ದ ಸೆಡ್ರಿಕನ ಬೆನ್ನು ನಡುಗುತ್ತಿರುವುದು ವಿನಿಗೆ ಗೊತ್ತಾಯಿತು. ಎದುರಿಗೆ ಇಡೀ ಹಜಾರ. ಎಲ್ಲರ ಕಣ್ಣೂ ಅವಳ ಹೆಗಲು ದಾಟಿ ಬಟ್ಟಲಿನ ಮೇಲೆ. ಇವರ ನಡುವೆ ಅವಳು ಎಂದೂ ಬಾಯಿ ತೆರೆದವಳಲ್ಲ. ಭಯವಾಗಿತ್ತು.

"ನಮ್ಮನೆಯವರನ್ನೂ ಹೀಗೇ ನೋಡಿದ್ರಿ," ಅಂದಳು. "ಎಲ್ಲ ಆ ಕಡೆ ತಿರುಗಿ."

ಅಂಥ ಪದ್ಧತಿ ಇಲ್ಲವಲ್ಲ ಎಂದು ರೂಪರ್ಟ್ ಮೆಲ್ಲಗೆ ಗೊಣಗಿದ.

"ನೀವೂ ತಿರುಗಿ, ರೂಪರ್ಟ್."

ಅವನು ಕುರ್ಚಿ ಸರಿಸಿ ಎದ್ದು, ಗೋಡೆಯ ಕಡೆ ತಿರುಗಿದ. ಒಬ್ಬೊಬ್ಬರಾಗಿ ಉಳಿದವರೂ ಎದ್ದರು. ಹಜಾರದ ಉದ್ದಕ್ಕೂ ಮುದಿ ಬೆನ್ನುಗಳು, ಕರಿ ಕೋಟುಗಳು.

ಅವಳ ಹಿಂದೆ ಬಟ್ಟಲಿನ ಮುಚ್ಚಳ ಟಕಟಕ ಬಡಿಯಿತು. ನೆಲದ ಮೇಲೆ ಏನೋ ತೊಟ್ಟಿಕ್ಕಿತು, ಮತ್ತೊಮ್ಮೆ ತೊಟ್ಟಿಕ್ಕಿತು. ಒಂದು ಬೆನ್ನೂ ಅಲುಗಲಿಲ್ಲ.