ಐನೂರ ಏಳರ ನಡಿಗೆ

ಎಲಿಸೆಯೊ ಉಸಿರು ಬಿಗಿಹಿಡಿದು ಪಿಚಕಾರಿಯ ಗುಂಡಿಯನ್ನು ಒತ್ತಿದ. ಲೇಖನಿಯಷ್ಟೇ ದಪ್ಪವಿದ್ದ ಅದರ ತುದಿಯಿಂದ ಕಪ್ಪು ಬಣ್ಣ ಮಂಜಿನಂತೆ ಹೊರಟು ಹಿತ್ತಾಳೆಯ ಬಾಯ್ಲರಿನ ಮೇಲೆ ಕುಳಿತಿತು. ಒಂದು ಸಾಲು, ಒಂದು ಬಿಡುವು, ಮತ್ತೊಂದು ಸಾಲು. ಮೇಜಿನ ಮೇಲಿದ್ದ ರೈಲು ಎಂಜಿನ್ನಿನ ಮಾದರಿ ಕಲ್ಲಿದ್ದಲ ಗಾಡಿಯೂ ಸೇರಿ ಮೂರಡಿ ಉದ್ದವಿತ್ತು. ನಿಜದ ಇಪ್ಪತ್ತರಲ್ಲಿ ಒಂದು ಪಾಲು. ಆದರೆ ಅದರ ಮೈಮೇಲೆ ಬಾಗಿ ನಿಂತಿದ್ದ ಅರವತ್ತೇಳರ ಆ ಮನುಷ್ಯನಿಗೆ ಅಳತೆಯ ನೆನಪೇ ಇರಲಿಲ್ಲ.

"ಕಣ್ಣಿಲ್ದೋರಿಗೆ ತೋರ್ಸೋಕೆ ಎಷ್ಟು ಬಣ್ಣ ಬಳೀತೀಯ, ಮುದುಕಪ್ಪ?" ಬಾಗಿಲಲ್ಲಿ ನಿಂತಿದ್ದ ಹೆಂಡತಿ ಹೆರ್ಮಿನಿಯಾ ಕೇಳಿದಳು.

"ನಿಮ್ಮಪ್ಪನ ಕಣ್ಣು ಹೋಗಿದೆ, ಬೆರಳು ಹೋಗಿಲ್ಲ. ಬಣ್ಣ ಒಂದು ಕೂದ್ಲಷ್ಟು ದಪ್ಪ ಆದ್ರೂ ರಿವೆಟ್ಟೆಲ್ಲ ಮುಚ್ಚೋಗುತ್ತೆ. ಸವರಿ ನೋಡಿ, ಇದ್ಯಾವ ಬೆಣ್ಣೆ ಮುದ್ದೆ ಅಂತಾರೆ."

"ಏನು ಮಾಡಿದ್ರೂ ಏನೋ ಒಂದು ಅಂತಾರೆ ಬಿಡು. ಊಟಕ್ಕೆ ಬಾ. ರೊಟ್ಟಿ ಪೊಟ್ಟಣದ್ದೇ. ನನ್ನ ಮಣಿಕಟ್ಟು ಇವತ್ತೂ ಕೇಳ್ತಿಲ್ಲ."

ತೀರಿಹೋದ ಅವಳ ತಾಯಿ ರುಫಿನಾಳ, ರೊಟ್ಟಿ ಸುಡುವ ಕಬ್ಬಿಣದ ಹಂಚು ಅಡುಗೆಮನೆಯ ಹಿಂಬಾಗಿಲ ಪಕ್ಕದ ಮೊಳೆಯಲ್ಲಿ ನೇತುಬಿದ್ದು ಎರಡು ವರ್ಷವಾಗಿತ್ತು.

ಮೂವತ್ತು ವರ್ಷ ಆಲಮೋಸಾ ಪಟ್ಟಣದ ಗ್ಯಾರೇಜೊಂದರಲ್ಲಿ ಕಾರುಗಳಿಗೆ ಬಣ್ಣ ಹೊಡೆದ ಕೈ ಎಲಿಸೆಯೊನದು. ಬಣ್ಣದ ವಿಷಯದಲ್ಲಿ ಅವನಿಗೆ ಯಾರ ಮಾತೂ ಬೇಕಾಗಿರಲಿಲ್ಲ. ಗಡಸು ನೀರು ಸೋರಿ ಬಾಯ್ಲರಿನ ಹೊಟ್ಟೆಯ ಕೆಳಗೆ ಬಿಡುತ್ತಿದ್ದ ಬಿಳಿಯ ಗೆರೆ, ಹೊಗೆಗೂಡಿನ ಮೇಲಿನ ಬೂದಿಗಪ್ಪು, ಮೆಟ್ಟಿಲಿನಲ್ಲಿ ಬೂಟು ಉಜ್ಜಿ ಹೊಳೆಯುವ ಕಬ್ಬಿಣ, ಎಲ್ಲವೂ ಅವನ ಮನಸ್ಸಿನಲ್ಲಿ ಮೊದಲೇ ಒಣಗಿ ಸಿದ್ಧವಾಗಿದ್ದವು. ಚಾಲಕನ ಕಿಟಕಿಯ ಕೆಳಗಿನ 507 ಎಂಬ ಅಂಕಿಗಳನ್ನು ಮಾತ್ರ ಮೂರು ಪದರ ಬಳಿದು ಬೇಕೆಂದೇ ಉಬ್ಬಿಸಿದ್ದ, ಬೆರಳು ಓದಲೆಂದು.

ಆ ಬೆರಳುಗಳು ಮಾವ ಒನೋಫ್ರೆಯವು. ತೊಂಬತ್ತೊಂದು ವರ್ಷದ ಒನೋಫ್ರೆ ಹಿಂದೆ ಊರಿಗೆ ಬರುತ್ತಿದ್ದ ಕಿರುಹಳಿಯ ಮೇಲೆ ನಿಜದ ಐನೂರ ಏಳನ್ನು ಹನ್ನೊಂದು ವರ್ಷ ಓಡಿಸಿದವರು. ಕೊನೆಯ ಎರಡು ವರ್ಷ ಅದರ ಒಲೆಗೆ ಕಲ್ಲಿದ್ದಲು ಎಸೆದವನು ಎಲಿಸೆಯೊ. ಸಾವಿರದ ಒಂಬೈನೂರ ಅರವತ್ತೆಂಟರಲ್ಲಿ ರೈಲು ನಿಂತಿತು, ಮರುವರ್ಷ ಎಂಜಿನ್ನನ್ನು ಕತ್ತರಿಸಿ ಗುಜರಿಗೆ ಹಾಕಿದರು. ಅದರ ಚಿತ್ರಗಳಿದ್ದವು, ಸದ್ದನ್ನು ಯಾರೂ ಹಿಡಿದಿಟ್ಟಿರಲಿಲ್ಲ. ಅದು ಉಳಿದದ್ದು ಒಂದೇ ಒಂದು ಕಡೆ, ಮುದುಕರ ಕಿವಿಯಲ್ಲಿ. ಬಲಗಿವಿ ಆಗಲೇ ಮುಚ್ಚಿಹೋಗಿತ್ತು. ಎಡಗಿವಿಗೆ ಈ ಚಳಿಗಾಲವೇ ಕೊನೆ ಇರಬಹುದೆಂದು ವೈದ್ಯೆ ಜೂನ್ ತಿಂಗಳಲ್ಲಿ ಹೇಳಿದ್ದಳು. ಈಗ ಆಗಸ್ಟ್ ಮುಗಿಯುತ್ತಿತ್ತು.

ಆದುದರಿಂದ ಎಲಿಸೆಯೊ ಆ ಬೇಸಿಗೆಯಲ್ಲಿ ಏಳು ಸಲ ಬೆಟ್ಟದ ಕಣಿವೆಗೆ ಹೋಗಿದ್ದ. ಅಲ್ಲಿ ಐನೂರ ಏಳರ ಜೊತೆಗೇ ಹುಟ್ಟಿದ, ಅದೇ ಅಚ್ಚಿನ ಎಂಜಿನ್ನೊಂದು ಇನ್ನೂ ಪ್ರವಾಸಿಗರನ್ನು ಎಳೆಯುತ್ತಿತ್ತು. ಹಳಿಯ ಪಕ್ಕದ ಪೊದೆಯಲ್ಲಿ ಕೂತು ಅದರ ಉಸಿರು, ಸಿಳ್ಳೆ, ಗಂಟೆ ಎಲ್ಲವನ್ನೂ ರೆಕಾರ್ಡ್ ಮಾಡಿ ತಂದು, ಬೆರಳುಗುರಿನಷ್ಟು ಚಿಕ್ಕ ಎಲೆಕ್ಟ್ರಾನಿಕ್ ಚಿಪ್ಪಿಗೆ ತುಂಬಿದ. ಕಲ್ಲಿದ್ದಲ ಗಾಡಿಯ ಹೊಟ್ಟೆಯಲ್ಲಿ ಸ್ಪೀಕರನ್ನು ಬಚ್ಚಿಟ್ಟ. ಗಾಲಿ ಒಂದು ಸುತ್ತು ಸುತ್ತಿದರೆ ನಾಲ್ಕು ಉಸಿರು, ನಾಲ್ಕೂ ಒಂದೇ ತೂಕ. ಗಡಿಯಾರ ಮಾಡುವವನು ಕೂಡ ತಲೆದೂಗಬೇಕು, ಹಾಗೆ.

ಶನಿವಾರ ಬೆಳಿಗ್ಗೆ ಹೆರ್ಮಿನಿಯಾ ಇಗರ್ಜಿ ಗುಡಿಸಲು ಹೋಗಿದ್ದಳು. ಎಲಿಸೆಯೊ ಮಾವನನ್ನು ಕೈಹಿಡಿದು ಹಿತ್ತಲಿಗೆ ಕರೆತಂದು, ಜರ್ದಾಳು ಮರದ ಕೆಳಗಿನ ಬೆತ್ತದ ಕುರ್ಚಿಯಲ್ಲಿ ಕೂರಿಸಿದ. ಮರವನ್ನೂ ಟೊಮೆಟೊ ಪಾತಿಯನ್ನೂ ಬಳಸಿ ಅವನು ಹಾಸಿದ್ದ ಪುಟ್ಟ ಹಳಿ ಸುತ್ತುತ್ತಿತ್ತು. ಎಂಜಿನ್ನನ್ನು ಎತ್ತಿ ಮುದುಕರ ತೊಡೆಯ ಮೇಲಿಟ್ಟ.

"ತೂಕ ಇದೆ," ಎಂದರು ಒನೋಫ್ರೆ.

ಬೆರಳುಗಳು ಮುಂದಿನ ದೀಪದಿಂದ ಹೊರಟು ರಿವೆಟ್ಟುಗಳ ಸಾಲು ಹಿಡಿದು ನಡೆದವು. ಅಂಕಿಗಳ ಮೇಲೆ ನಿಂತವು. ಐದು, ಸೊನ್ನೆ, ಏಳು ಎಂದು ತುಟಿ ಅಲುಗಿತು. ಕಲ್ಲಿದ್ದಲ ಗಾಡಿಯ ಎಡಮೂಲೆಯಲ್ಲೊಂದು ತಗ್ಗು ಸಿಕ್ಕಿತು.

"ಇದು ಬಂಡೆ ಉರುಳಿ ಬಿದ್ದಿದ್ದು. ಅರವತ್ತೊಂದರಲ್ಲಿ."

"ಹೌದು ಮಾವ."

"ನೀನು ಆಗ ಇನ್ನೂ ಸ್ಕೂಲಲ್ಲಿ ಮೂಗು ಒರೆಸ್ಕೋತಿದ್ದೆ. ಹೆಂಗೆ ಗೊತ್ತಾಯ್ತು?"

"ಫೋಟೋ ಇತ್ತು."

"ಪರವಾಗಿಲ್ಲ ಅಳಿಯ. ಕಾರಿಗೆ ಬಣ್ಣ ಹೊಡ್ದಿದ್ದು ದಂಡ ಆಗ್ಲಿಲ್ಲ. ನೀನು ಬೆಂಕಿ ಮುಂದೆ ನಿಲ್ಲೋ ಗಿರಾಕಿನೇ ಅಲ್ಲ."

ಈ ಕೊನೆಯ ಮಾತು ನಲವತ್ತಾರು ವರ್ಷ ಹಳೆಯದು. ಎಲಿಸೆಯೊ ಉರಿಸಿದ ಬೆಂಕಿ ಸಮನಾಗಿ ನಿಲ್ಲುತ್ತಿರಲಿಲ್ಲ. ಎಷ್ಟು ಜತನದಿಂದ ಹರಡಿದರೂ ನಡುವೆ ತೂತು ಬಿದ್ದು, ಅಬ್ಬರಿಸಿ, ಕಲ್ಲಿದ್ದಲು ಹೆಚ್ಚು ತಿನ್ನುತ್ತಿತ್ತು. ರೈಲು ನಿಂತ ಮೇಲೆ ಬೇರೆ ರೈಲುಮಾರ್ಗದವರು ಕರೆದರೂ ಅವನು ಹೋಗಲಿಲ್ಲ. ಕಾರಿಗೆ ಬಣ್ಣ ಹೊಡೆಯುವ ಗ್ಯಾರೇಜು ಸೇರಿದ. ಪ್ರತಿ ಸೆಪ್ಟೆಂಬರಿನಲ್ಲಿ ಮನೆಮಂದಿಯೆಲ್ಲ ಸೇರಿ ಹಸಿಮೆಣಸಿನಕಾಯಿ ಸುಡುವಾಗ ಮುದುಕರು ತಪ್ಪದೆ ಕೂಗಿ ಹೇಳುತ್ತಿದ್ದರು: "ಎಲಿಸೆಯೊ ಕೈಗೆ ಬೆಂಕಿ ಕೊಡಬೇಡ್ರಪ್ಪ." ಎಲ್ಲರೂ ನಗುತ್ತಿದ್ದರು. ಅವನೂ ನಕ್ಕು ಮೆಣಸಿನಕಾಯಿಯ ಸಿಪ್ಪೆ ಸುಲಿಯಲು ಕೂರುತ್ತಿದ್ದ.

ಈಗ ಅವನು ಎಂಜಿನ್ನನ್ನು ಹಳಿಯ ಮೇಲಿಟ್ಟು, ಕೈಯಲ್ಲಿದ್ದ ರಿಮೋಟಿನ ಗುಂಡಿ ತಿರುಗಿಸಿದ. ಐನೂರ ಏಳು ಒಮ್ಮೆ ಸಿಳ್ಳೆ ಹಾಕಿ ಹೊರಟಿತು. ಛಕ್, ಛಕ್, ಛಕ್, ಛಕ್. ಟೊಮೆಟೊ ಪಾತಿಯ ಹಿಂದಿನ ಏರಿನಲ್ಲಿ ಸದ್ದು ಗಟ್ಟಿಯಾಯಿತು, ಮರದ ನೆರಳಿಗೆ ಬರುವಾಗ ಹಗುರಾಯಿತು. ಒನೋಫ್ರೆ ಎಡಗಿವಿಯನ್ನು ಅಂಗೈಯಿಂದ ಬಳಸಿ ಹಿಡಿದು ಮೂರು ಸುತ್ತು ಕೇಳಿದರು.

"ಚೆನ್ನಾಗಿದೆ," ಎಂದರು. "ಯಾರದ್ದು ಇದು?"

ಎಲಿಸೆಯೊ ಗುಂಡಿ ತಿರುಗಿಸಿ ನಿಲ್ಲಿಸಿದ. "ಯಾರದ್ದು ಅಂದ್ರೆ? ನಿಮ್ಮದೇ."

"ನಂದಲ್ಲ. ನಂದು ಕುಂಟ್ತಿತ್ತು."

"ಯಾವ ಎಂಜಿನ್ ಕುಂಟುತ್ತೆ, ಮಾವ? ಎರಡು ವರ್ಷ ನಾನೂ ಅದರ ಮೇಲಿದ್ದೆ."

"ನೀನು ಕೇಳ್ಸಿಕೊಂಡಿದ್ದು ನಿನ್ನ ಸಲಿಕೆ ಸದ್ದು. ಅಲ್ಲದೆ ನೀನು ಹತ್ತಿದ ಮೊದಲ್ನೇ ಎಂಜಿನ್ನೇ ಅದು. ಎಲ್ಲಾ ಹಿಂಗೇ ನಡೀತವೆ ಅಂದ್ಕೊಂಡಿದ್ದೆ. ಆಮೇಲೆ ನಲವತ್ತು ವರ್ಷ ಆ ಟೂರಿಸ್ಟ್ ಗಾಡಿ ಕೇಳಿ ಕೇಳಿ ನಿನ್ನ ಕಿವಿನೂ ಟೂರಿಸ್ಟ್ ಆಗೋಯ್ತು."

ಮುದುಕರು ಕುರ್ಚಿಯ ತೋಳಿನ ಮೇಲೆ ಅಂಗೈ ಬಡಿದು ತೋರಿಸಿದರು. ಮೊದಲನೆಯದು ಜೋರು. ಎರಡನೆಯದು ಸರಿ. ಮೂರನೆಯದು ಅರ್ಧ ಉಸಿರು, ತಡವರಿಸಿದಂತೆ. ನಾಲ್ಕನೆಯದು ಸರಿ. ಛಾಕ್, ಛಕ್, ಛು, ಛಕ್.

ಎಲಿಸೆಯೊಗೆ ಮೈಯ ಒಳಗೆಲ್ಲೋ, ಅಂಗಾಲಿನ ಹತ್ತಿರ, ಅದು ಗೊತ್ತಾಯಿತು. ಆ ಕಬ್ಬಿಣದ ನೆಲ ಹೀಗೆಯೇ ಎತ್ತಿ ಹಾಕುತ್ತಿತ್ತು. ಅವನು ಬೆಂಕಿಯ ಬಾಗಿಲು ತೆರೆಯಲು ಕಾಯುತ್ತಿದ್ದದ್ದು ಆ ಮೂರನೆಯ ಅರ್ಧ ಉಸಿರಿಗೇ.

"ಉಗಿ ಬಿಡೋ ಎಡಗಡೆ ವಾಲ್ವಿನ ಸರಳು ಒಂದು ನೂಲು ಉದ್ದ ಇತ್ತು," ಎಂದರು ಒನೋಫ್ರೆ. "ಅದಕ್ಕೆ."

"ಶೆಡ್ಡಲ್ಲಿ ಸರಿ ಮಾಡ್ಲಿಲ್ವಾ? ಪ್ರತಿ ಸಲ ಬಂದಾಗ ನೀವು ಪುಸ್ತಕದಲ್ಲಿ ಬರೀತಿದ್ರಲ್ಲ, ಏನೇನು ಕೆಟ್ಟಿದೆ ಅಂತ."

"ಬರೀತಿದ್ದೆ. ಬ್ರೇಕು, ದೀಪ, ಸೋರೋ ನಲ್ಲಿ, ಎಲ್ಲಾ. ಇದನ್ನ ಬರೀಲಿಲ್ಲ."

"ಹನ್ನೊಂದು ವರ್ಷ?"

ಒನೋಫ್ರೆ ತಮ್ಮ ಕುರುಡು ಮುಖವನ್ನು ಊರಾಚೆಯ ತೊರೆಯ ಕಡೆಗೆ ತಿರುಗಿಸಿದರು. "ಸೇತುವೆ ದಾಟಿದ ಮೇಲೆ ಒಂದು ಏರು ಬರ್ತಿತ್ತಲ್ಲ, ಅಲ್ಲಿಂದ ರುಫಿನಾಗೆ ಕೇಳಿಸ್ತಿತ್ತು. ದಿನಕ್ಕೆ ಐದಾರು ಗಾಡಿ ಬರ್ತಿದ್ವು. ಸಿಳ್ಳೆ ಯಾರು ಬೇಕಾದ್ರೂ ಹಾಕಬಹುದು. ಕುಂಟೋದು ನಂದೊಂದೇ. ಕೇಳಿದ ತಕ್ಷಣ ಹಂಚು ಒಲೆ ಮೇಲೆ ಇಡ್ತಿದ್ಲು, ಪಕ್ಕದಲ್ಲಿ ಹೆರ್ಮಿನಿಯಾ ಉಂಡೆ ಕಟ್ತಿದ್ಲು. ನಾನು ಶೆಡ್ಡಲ್ಲಿ ಎಂಜಿನ್ ಬಿಟ್ಟು ಕೈ ತೊಳ್ಕೊಂಡು ಮನೆಗೆ ಬಂದ್ರೆ ಮೊದಲ್ನೇ ರೊಟ್ಟಿ ಹಂಚಿಂದ ಇಳೀತಿತ್ತು. ಸರಿ ಮಾಡ್ಸಿಬಿಟ್ಟಿದ್ರೆ ಅವಳಿಗೆ ಹೆಂಗೆ ಗೊತ್ತಾಗ್ಬೇಕು?"

ಎಲಿಸೆಯೊ ಜರ್ದಾಳು ಮರದ ಬುಡದಲ್ಲಿ ಕುಕ್ಕರುಗಾಲಿನಲ್ಲಿ ಕೂತ. ಅವನ ಮನಸ್ಸು ಬೇರೆಯೇ ಒಂದು ಲೆಕ್ಕವನ್ನು ನಿಧಾನವಾಗಿ ಬಿಡಿಸುತ್ತಿತ್ತು. ಒಲೆಗೆ ಗಾಳಿ ಎಳೆಯುವುದು ಎಂಜಿನ್ನಿನ ಉಸಿರೇ. ಉಸಿರು ಸಮನಾಗಿದ್ದರೆ ಬೆಂಕಿ ಸಮನಾಗಿ ಉರಿಯುತ್ತದೆ. ಒಂದು ಉಸಿರು ಜೋರಾಗಿ ಎಳೆದರೆ ಬೆಂಕಿಯ ಹಾಸು ಹರಿಯುತ್ತದೆ, ನಡುವೆ ತೂತು ಬೀಳುತ್ತದೆ. ಯಾರೇ ಸಲಿಕೆ ಹಿಡಿದಿದ್ದರೂ.

"ಮಾವ," ಎಂದ. "ಹಂಗಾದ್ರೆ ಆ ಬೆಂಕಿ ಕೆಡ್ತಿದ್ದಿದ್ದು ನನ್ನಿಂದ ಅಲ್ಲ."

ಮುದುಕರು ಎಡಗಿವಿಯ ಮೇಲಿನ ಕೈ ತೆಗೆದರು. ಅವರಿಗೆ ಕೇಳಿಸಲಿಲ್ಲವೇನೋ ಎಂದುಕೊಂಡ ಎಲಿಸೆಯೊ ಮತ್ತೊಮ್ಮೆ ಬಾಯಿ ತೆರೆಯುವಷ್ಟರಲ್ಲಿ ಅವರೇ ಹೇಳಿದರು:

"ಅಲ್ಲ."

"ನಿಮಗೆ ಗೊತ್ತಿತ್ತು."

"ಗೊತ್ತಿತ್ತು."

"ನಿಮ್ಮ ಬಿಸಿ ರೊಟ್ಟಿಗೋಸ್ಕರ ನಾನು ಎರಡು ವರ್ಷ, ದಿನಾ ಅರ್ಧ ಟನ್ ಕಲ್ಲಿದ್ದಲು ಜಾಸ್ತಿ ಎಸೆದೆ."

"ಅರ್ಧ ಟನ್ ಇರಲಿಕ್ಕಿಲ್ಲ," ಎಂದರು ಒನೋಫ್ರೆ. "ಕಾಲು ಟನ್ ಇರಬಹುದು. ತೋಳು ಗಟ್ಟಿಯಾಯ್ತು. ಮಗಳು ಆ ತೋಳು ನೋಡೇ ಒಪ್ಕೊಂಡ್ಲು." ಆಮೇಲೆ ದನಿ ತಗ್ಗಿಸಿ ಹೇಳಿದರು: "ಬೇರೆ ಯಾವ ಫೈರ್‌ಮನ್ ಆಗಿದ್ರೂ ಒಂದೇ ವಾರಕ್ಕೆ ಹೋಗಿ ಶೆಡ್ಡಲ್ಲಿ ದೂರು ಹೇಳ್ತಿದ್ದ. ನೀನು ನಿನ್ನ ಕೈಯದೇ ತಪ್ಪು ಅಂದ್ಕೊಂಡೆ. ನಾನು ಹಾಗೇ ಬಿಟ್ಟೆ."

ಹಿತ್ತಲಿನಲ್ಲಿ ಗಾಳಿ ಇರಲಿಲ್ಲ. ಒಂದು ಹಣ್ಣೆಲೆ ಕಳಚಿ, ತನಗೆ ಯಾವ ಅವಸರವೂ ಇಲ್ಲವೆಂಬಂತೆ ಹಳಿಗಳ ನಡುವೆ ಇಳಿಯಿತು. ಎಲಿಸೆಯೊ ಅದನ್ನು ಎತ್ತಿ ಪಕ್ಕಕ್ಕೆ ಹಾಕಿದ. ಸಿಟ್ಟು ಬರಬೇಕಿತ್ತು, ಅದು ಬಂದು, ಬಾಗಿಲಲ್ಲಿ ನಿಂತು, ಒಳಗೆ ಯಾರಿದ್ದಾರೆಂದು ನೋಡಿ ಹಿಂದೆ ಸರಿದಂತಾಯಿತು.

"ಇನ್ನೊಂದ್ಸಲ ಬಡೀರಿ," ಎಂದ. "ಏರಲ್ಲಿ ಹೆಂಗೆ, ಇಳಿಜಾರಲ್ಲಿ ಹೆಂಗೆ, ಎರಡೂ ಬೇಕು ನನಗೆ."

ಮುಂದಿನ ಎರಡು ವಾರ ಎಲಿಸೆಯೊ ತಾನು ಬೇಸಿಗೆಯೆಲ್ಲ ಕೂತು ತಿದ್ದಿ ಸಮ ಮಾಡಿದ್ದನ್ನು ಅಷ್ಟೇ ಶ್ರದ್ಧೆಯಿಂದ ಕೆಡಿಸಿದ. ಕಂಪ್ಯೂಟರಿನ ಪರದೆಯ ಮೇಲೆ ನಾಲ್ಕು ಉಸಿರುಗಳು ನಾಲ್ಕು ದಿಬ್ಬಗಳಂತೆ ಕಾಣುತ್ತಿದ್ದವು. ಮೊದಲನೆಯದನ್ನು ಎತ್ತರಿಸಿದ. ಮೂರನೆಯದರ ತಲೆ ಸವರಿ, ಒಂದು ಕ್ಷಣದ ನೂರನೆಯ ಭಾಗದಷ್ಟು ತಡಮಾಡಿದ. ತುಂಬ ಕುಂಟಿಸಿದರೆ ಹಾಸ್ಯವಾಗುತ್ತಿತ್ತು, ಕಡಿಮೆ ಕುಂಟಿಸಿದರೆ ಯಾರ ಎಂಜಿನ್ನೋ ಆಗುತ್ತಿತ್ತು. ದಿನವೂ ಸಂಜೆ ಪಕ್ಕದ ಬೀದಿಯ ಮಾವನ ಮನೆಗೆ ಸ್ಪೀಕರನ್ನು ಒಯ್ದು, ಅವರ ಎಡಗಿವಿಯ ಬಳಿ ಹಿಡಿದು ಕೇಳಿಸುತ್ತಿದ್ದ. "ಇನ್ನೂ ಶೋಕಿ ಮಾಡ್ತಿದೆ," ಎಂದರು ಮೊದಲ ದಿನ. "ಈಗ ಕುಡಿದಿದೆ," ಎಂದರು ನಾಲ್ಕನೆಯ ದಿನ. ಹನ್ನೊಂದನೆಯ ದಿನ ಅವರ ಅಂಗೈ ತಾನಾಗಿಯೇ ಮೊಣಕಾಲಿನ ಮೇಲೆ ತಾಳ ಹಾಕಿತು.

"ಹೆರ್ಮಿನಿಯಾಗೆ ಹೇಳಿದ್ಯಾ?" ಎಂದು ಆಮೇಲೆ ಕೇಳಿದರು.

"ಇಲ್ಲ. ಅದು ನಿಮ್ಮ ಗುಟ್ಟು."

"ಹೌದು, ನನ್ನೊಬ್ಬನದೇ. ರುಫಿನಾಗೂ ನಾನು ಹೇಳಿರ್ಲಿಲ್ಲ, ಬೇಕಂತ ಬಿಟ್ಟಿದ್ದೀನಿ ಅಂತ."

ಸೆಪ್ಟೆಂಬರಿನ ಎರಡನೆಯ ಭಾನುವಾರ ಮೆಣಸಿನಕಾಯಿ ಸುಡುವ ದಿನ ಬಂತು. ಎರಡು ಗೋಣಿ ಹಸಿಮೆಣಸಿನಕಾಯಿ ಹಿತ್ತಲಿಗೆ ಬಂದವು. ಕಬ್ಬಿಣದ ಜರಡಿಯ ಕೆಳಗೆ ಸೌದೆ ಜೋಡಿಸಿತ್ತು. ಎಲಿಸೆಯೊ ಅಭ್ಯಾಸದಂತೆ ಸಿಪ್ಪೆ ಸುಲಿಯುವ ಬೋಗುಣಿಯನ್ನು ಹುಡುಕುತ್ತಿದ್ದಾಗ ಬೆತ್ತದ ಕುರ್ಚಿಯಿಂದ ದನಿ ಬಂತು.

"ಅಳಿಯ, ಈ ಸಲ ಬೆಂಕಿ ನೀನೇ ನೋಡ್ಕೋ."

"ಅಪ್ಪಂಗೆ ಜ್ವರ ಬಂದಿದ್ಯಾ?" ಎಂದು ಹೆರ್ಮಿನಿಯಾ ಅಡುಗೆಮನೆಯ ಕಿಟಕಿಯಿಂದ ಇಣುಕಿದಳು. "ಮೆಣಸಿನಕಾಯಿ ಎಲ್ಲಾ ಬೂದಿ ಆಗ್ಲಿ, ಆಮೇಲೆ ನನ್ನ ಕೇಳ್ಬೇಡಿ. ರೊಟ್ಟಿ ಅಂಗಡೀದೇ ತಂದಿದ್ದೀನಿ, ಪೊಟ್ಟಣ ಮೇಜಿನ ಮೇಲಿದೆ." ಅವಳು ಪಾತ್ರೆಗಳ ಕಡೆಗೆ ತಿರುಗಿದಳು.

ಎಲಿಸೆಯೊ ಬೆಂಕಿ ಹಚ್ಚಿದ. ಸೌದೆಯನ್ನು ಹರಡಿದ, ಗಾಳಿಗೆ ದಾರಿ ಬಿಟ್ಟ, ಕಾದ. ಜ್ವಾಲೆ ಜರಡಿಯ ಕೆಳಗೆ ಒಂದೇ ಎತ್ತರದಲ್ಲಿ, ತೂತಿಲ್ಲದ ಹಾಸಿನಂತೆ ನಿಂತಿತು. ಮೆಣಸಿನಕಾಯಿಗಳು ಚಿಟಪಟ ಎಂದು ಉಬ್ಬಿ ಕಪ್ಪಾಗತೊಡಗಿದವು. ಅವನು ಒಂದು ಕೈಯಲ್ಲಿ ಇಕ್ಕಳ ಹಿಡಿದೇ ಇನ್ನೊಂದು ಕೈಯಿಂದ ಗುಂಡಿ ತಿರುಗಿಸಿದ.

ಐನೂರ ಏಳು ಸಿಳ್ಳೆ ಹಾಕದೆ ಹೊರಟಿತು. ಮರವನ್ನು ಬಳಸಿ, ಟೊಮೆಟೊ ಪಾತಿಯ ಹಿಂದಿನ ಏರಿಗೆ ಬಂದು ಉಸಿರು ಹಿಡಿಯಿತು. ಛಾಕ್, ಛಕ್, ಛು, ಛಕ್. ಬಿಸಿಲು ಅದರ ಹೊಟ್ಟೆಯ ಬಿಳಿಯ ಗೆರೆಯ ಮೇಲೆ ಬಿತ್ತು. ಒನೋಫ್ರೆ ಕಿವಿಗೆ ಕೈ ಹಿಡಿಯಲಿಲ್ಲ. ತಲೆಯನ್ನು ಸ್ವಲ್ಪ ವಾಲಿಸಿ, ಬಲಗೈಯನ್ನು ಕುರ್ಚಿಯಿಂದ ಎತ್ತಿ, ಅಲ್ಲಿಲ್ಲದ ಹಿಡಿಕೆಯೊಂದನ್ನು ಬೆರಳಷ್ಟು ಹಿಂದಕ್ಕೆ ಎಳೆದರು. ಎಲಿಸೆಯೊ ಅದನ್ನು ನೋಡಿ, ಗುಂಡಿಯನ್ನು ಅಷ್ಟೇ ತಗ್ಗಿಸಿದ.

ಅಡುಗೆಮನೆಯಲ್ಲಿ ಪಾತ್ರೆಗಳ ಸದ್ದು ನಿಂತಿತು. ಒಲೆಯ ಮೇಲೆ ಕಬ್ಬಿಣ ಇಟ್ಟ ಸದ್ದಾಯಿತು. ಎಲಿಸೆಯೊ ಇಕ್ಕಳ ಹಿಡಿದಂತೆಯೇ ತಿರುಗಿ ನೋಡಿದ. ತೆರೆದಿದ್ದ ಹಿಂಬಾಗಿಲ ಒಳಗೆ, ಪಕ್ಕದ ಗೋಡೆಯಲ್ಲಿ ಮೊಳೆ ಮಾತ್ರ ಇತ್ತು, ಅದರ ಕೆಳಗೆ ಸುಣ್ಣದ ಮೇಲೆ ಒಂದು ದುಂಡನೆಯ ಮಸಿಯ ಗುರುತು. ಎಂಜಿನ್ನು ಇನ್ನೂ ಕೆಲವು ಸುತ್ತು ಹಾಕುವಷ್ಟರಲ್ಲಿ ಕಿಟಕಿಯ ಆಚೆ ಹೆರ್ಮಿನಿಯಾ ಮೊಣಕೈವರೆಗೆ ಹಿಟ್ಟು ಮೆತ್ತಿಕೊಂಡು, ತನ್ನ ಕೈಗಳು ಏನು ಮಾಡುತ್ತಿವೆ ಎಂದು ನೋಡದೆಯೇ, ಉಂಡೆ ಕಟ್ಟುತ್ತಿದ್ದಳು.